‘ಬಸ್ ವೋನ್ಲಿ’ ಅಂದ ಹುಡುಗಿಯನ್ನು ನೋಡಿ ನಗಬೇಡಿ

ಸಂಪಾದಕರಿಗೆ ನಮಸ್ಕಾರ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರ ಪತ್ರ ಬಂದಿತ್ತು. ಮಲೆನಾಡಿನ ಕಾಲೇಜು ಮಕ್ಕಳು ಇಂಗ್ಲಿಷನ್ನೂ ಹಳ್ಳಿ ಕನ್ನಡದ ಹಾಗೇ ಮಾತಾಡುತ್ತಾರೆ, ಕೇಳಿದರೆ ನಾಚಿಕೆಯಾಗುತ್ತದೆ, ಇದಕ್ಕೆ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಕಾರಣ ಅಂತ ಬರೆದಿದ್ದರು. ನಾನು ಸಾಗರ ಮತ್ತು ಹೊಸನಗರ ತಾಲ್ಲೂಕಿನ ಸರ್ಕಾರಿ ಹೈಸ್ಕೂಲುಗಳಲ್ಲಿ 31 ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಮೇಷ್ಟ್ರುಗಳ ಮೇಲೆ ಹೊರಿಸಿದ ತಪ್ಪಿಗೆ ಉತ್ತರ ಕೊಡೋಣ ಅಂತ ಬರೆಯುತ್ತಿಲ್ಲ. ಆ ‘ನಾಚಿಕೆ’ ಅನ್ನುವ ಮಾತು ಮನಸ್ಸಿನಲ್ಲೇ ಕೂತುಬಿಟ್ಟಿದೆ, ಅದಕ್ಕೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದರೂ ದಯವಿಟ್ಟು ಕತ್ತರಿಸದೆ ಹಾಕಿ.

ನನ್ನ ತಮ್ಮನ ಮಗಳು ಶಿವಮೊಗ್ಗದಲ್ಲಿ ಬಿ.ಕಾಂ. ಓದುತ್ತಿದ್ದಾಳೆ. ಮಾತಿನಮಲ್ಲಿ. ಅಡಿಕೆ ಸುಲಿಯಲು ಕೂತಾಗ ಅವಳಿದ್ದರೆ ರಾತ್ರಿ ಹನ್ನೊಂದಾದರೂ ಯಾರಿಗೂ ನಿದ್ದೆ ಬರುವುದಿಲ್ಲ. ಮೂರು ತಿಂಗಳ ಹಿಂದೆ ಅಲ್ಲಿನ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿಕೊಂಡಳು. ಮೊದಲ ವಾರ ಮೇಷ್ಟ್ರು ಒಬ್ಬೊಬ್ಬರನ್ನೇ ಎಬ್ಬಿಸಿ ಇವತ್ತು ಹೇಗೆ ಬಂದಿರಿ ಅಂತ ಇಂಗ್ಲಿಷಿನಲ್ಲಿ ಕೇಳಿದರಂತೆ. ಇವಳು ‘ಐ ಕೇಮ್ ಬೈ ಬಸ್ ವೋನ್ಲಿ’ ಅಂದಳು. ಅವರು ‘ವೋನ್ಲಿ, ವೋನ್ಲಿ’ ಅಂತ ಅವಳ ಥರವೇ ಎರಡು ಸಲ ಹೇಳಿ ತೋರಿಸಿದರು. ಕ್ಲಾಸೆಲ್ಲ ನಕ್ಕಿತು. ಇವಳು ಗಾಬರಿಯಲ್ಲಿ ‘ಎಂತ ಸರ್?’ ಅಂದಳು. ‘ಎಂತ ಅಲ್ಲಮ್ಮಾ, ಏನು. ಮೊದಲು ಕನ್ನಡ ಸರಿ ಮಾಡ್ಕೋ, ಇಂಗ್ಲಿಷ್ ಆಮೇಲೆ’ ಅಂದರಂತೆ. ಮತ್ತೆ ನಗು.

ಆ ವಾರ ಊರಿಗೆ ಬಂದವಳು ಸುಮ್ನೆ ಕೂತಿದ್ದಳು. ‘ಎಂತಾ ಆಯ್ತೇ?’ ಅಂದರೆ ‘ಅತ್ತೆ, ನಾ ಇನ್ನು ಆ ಕ್ಲಾಸಿಗೆ ಹೋಗದಿಲ್ಲ’ ಅಂದಳು, ಅಷ್ಟೇ. ಪೂರ್ತಿ ಕತೆ ಹೊರಗೆ ಬರಲು ಒಂದು ತಿಂಗಳು ಹಿಡಿಯಿತು. ಈಗ ಕಾಲೇಜಿನಲ್ಲೂ ಯಾರ ಜೊತೆಗೂ ಜಾಸ್ತಿ ಮಾತಿಲ್ಲವಂತೆ. ಕನ್ನಡದಲ್ಲೂ ಇಲ್ಲ.

ಅವಳು ಅಂದಿದ್ದರಲ್ಲಿ ನಗುವಂಥದ್ದು ಏನಿತ್ತು ನೋಡೋಣ. ಕನ್ನಡದ ನಾಲಿಗೆಗೆ ಮಾತಿನ ಮೊದಲಲ್ಲಿ ಎ, ಒ ಬಂದರೆ ಒಂದು ಸಣ್ಣ ಯ, ವ ಸೇರಿಕೊಳ್ಳುತ್ತದೆ. ನಿಮ್ಮ ಮನೆಯವರು ‘ಎಲೆ’, ‘ಒಲೆ’ ಅನ್ನುವಾಗ ಗಮನವಿಟ್ಟು ಕೇಳಿ, ಯೆಲೆ, ವೊಲೆ ಅಂತಲೇ ಕೇಳಿಸುತ್ತದೆ. ಓನ್ಲಿ ವೋನ್ಲಿಯಾಗುವುದು ಅದೇ ದಾರಿಯಲ್ಲಿ. ಇನ್ನು ಆ ಪದ ಕೊನೆಗೆ ಬಂದಿದ್ದೇಕೆ? ನಾವು ‘ಬಸ್ಸಿಗೇ ಬಂದೆ’ ಅನ್ನುತ್ತೇವೆ. ಆ ‘ಏ’ ಕೊಡುವ ಒತ್ತು ಇಂಗ್ಲಿಷಿನಲ್ಲಿ ಬಾಲದ ಹಾಗೆ ಅಂಟಿಕೊಳ್ಳುವುದಿಲ್ಲ. ಅದಕ್ಕೆ ನಮ್ಮ ಮಕ್ಕಳು ಓನ್ಲಿಯನ್ನು ತಂದು ಆ ಜಾಗದಲ್ಲಿ ಇಟ್ಟುಕೊಂಡಿದ್ದಾರೆ. ‘ಸ್ಮಾಲ್ ಸ್ಮಾಲ್ ಪೀಸಸ್’ ಅನ್ನುವುದೂ ಹೀಗೇ, ಚಿಕ್ಕ ಚಿಕ್ಕ ಚೂರು. ಮನೆಭಾಷೆಯ ವ್ಯಾಕರಣ ಹೊಸ ಭಾಷೆಯೊಳಗೆ ಬಂದು ಕೂರುವುದು ನಮ್ಮಲ್ಲಿ ಮಾತ್ರ ಅಲ್ಲ. ಐರ್ಲೆಂಡಿನವರು ಈಗಷ್ಟೇ ಊಟ ಮಾಡಿದೆ ಅನ್ನಲು ‘ಐ ಆ್ಯಮ್ ಆಫ್ಟರ್ ಈಟಿಂಗ್’ ಅನ್ನುತ್ತಾರೆ. ಅದು ಅವರ ಹಳೆಯ ಐರಿಶ್ ಭಾಷೆಯ ವಾಕ್ಯದ ರೀತಿ. ‘ಥಿಂಕ್’ ಅನ್ನುವ ಪದವನ್ನೂ ಅವರಲ್ಲಿ ಬಹಳ ಜನ ಹೆಚ್ಚುಕಡಿಮೆ ನಮ್ಮ ಹಾಗೇ ನಾಲಿಗೆಯನ್ನು ಹಲ್ಲಿಗೆ ತಾಗಿಸಿಯೇ ಹೇಳುತ್ತಾರೆ.

ಅದೇ ಕ್ಲಾಸಿನಲ್ಲಿ ‘ಕಾರ್’ ಅನ್ನುವಾಗ ಕೊನೆಯ ರ್ ಹೇಳಬಾರದು, ಅದು ಹಳ್ಳಿಯವರ ಅಭ್ಯಾಸ ಅಂತಲೂ ಹೇಳಿಕೊಡುತ್ತಾರಂತೆ. ಸ್ಕಾಟ್ಲೆಂಡಿನವರು, ಐರ್ಲೆಂಡಿನವರು, ಅಮೆರಿಕದ ಹೆಚ್ಚಿನ ಜನ ಎಲ್ಲರೂ ಆ ರ್ ಹೇಳುತ್ತಾರೆ. ಬಿಡುವವರು ಇಂಗ್ಲೆಂಡಿನ ಹೆಚ್ಚಿನ ಜನ. ಲಂಡನ್ನಿನ ದುಡಿಯುವ ಜನರಲ್ಲಿ ಎಷ್ಟೋ ಮಂದಿ ಹಕಾರವನ್ನೂ ಬಿಡುತ್ತಾರೆ, ಹೌಸ್‌ಗೆ ಔಸ್ ಅನ್ನುತ್ತಾರೆ. ನಮ್ಮಲ್ಲಿ ಹಾಲಿಗೆ ಆಲು ಅಂದವರನ್ನು ನೋಡಿ ನಗುವುದಿಲ್ವಾ, ಅಲ್ಲೂ ಹಾಗೇ ನಗುತ್ತಾರೆ. ಆದರೆ ಹಳಗನ್ನಡದಲ್ಲಿ ಹಾಲು ಅನ್ನುವುದು ಪಾಲ್ ಆಗಿತ್ತು, ಹೋಗು ಅನ್ನುವುದು ಪೋಗು ಆಗಿತ್ತು. ಪಕಾರ ಸವೆದು ಹಕಾರವಾಯಿತು, ಅದೇ ಹಕಾರ ಕೆಲವರ ಬಾಯಲ್ಲಿ ಇನ್ನೂ ಸವೆದು ಅಕಾರವಾಯಿತು. ಮೊದಲ ಸವೆತ ಶುದ್ಧ ಕನ್ನಡ, ಎರಡನೆಯದು ಮಾತ್ರ ಅಶುದ್ಧ ಅನ್ನುವುದು ಯಾವ ನ್ಯಾಯ?

ವ್ಯಾಕರಣದ ಮಾತೂ ಬೇರೆಯಲ್ಲ. ‘ಯೂ’ ಪದವನ್ನೇ ತೆಗೆದುಕೊಳ್ಳಿ. ಹಿಂದೆ ಇಂಗ್ಲಿಷಿನಲ್ಲೂ ನೀನು, ನೀವು ಎರಡೂ ಇದ್ದವು. ‘ದೌ’ ಅಂದರೆ ನೀನು. ‘ಯೂ’ ಬಹುವಚನದ ನೀವು, ಮರ್ಯಾದೆಗೂ ಅದೇ. ಬರಬರುತ್ತಾ ಎಲ್ಲರಿಗೂ ಮರ್ಯಾದೆ ಕೊಟ್ಟೂ ಕೊಟ್ಟೂ ‘ದೌ’ ಮೂಲೆಗೆ ಹೋಯಿತು. ಆಗ ತೊಂದರೆ ಶುರುವಾಯಿತು: ಒಬ್ಬರಿಗೆ ಹೇಳುತ್ತಿದ್ದೇವಾ, ಹತ್ತು ಜನಕ್ಕಾ, ಗೊತ್ತಾಗುವುದೇ ಇಲ್ಲ. ಅದಕ್ಕೆ ಲಿವರ್‌ಪೂಲ್ ಮತ್ತು ಐರ್ಲೆಂಡಿನ ಜನ ‘ಯೂಸ್’ ಅನ್ನುವ ಬಹುವಚನ ಮಾಡಿಕೊಂಡರು, ಅಮೆರಿಕದ ದಕ್ಷಿಣದವರು ‘ಯಾಲ್’ ಮಾಡಿಕೊಂಡರು. ಯಾಲ್ ಅಂದರೆ ಯೂ ಆಲ್, ನಮ್ಮ ‘ನೀವೆಲ್ಲ’. ನಮ್ಮ ಭಾಷಣಕಾರರು ‘ನೀವುಗಳು’ ಅನ್ನುವುದೂ ಇದೇ ಕಾರಣಕ್ಕೆ ಅಲ್ವಾ? ಭಾಷೆಯಲ್ಲಿ ಒಂದು ತೂತು ಬಿದ್ದಿತ್ತು, ಓದು ಬರಹ ಕಡಿಮೆ ಅನ್ನಿಸಿಕೊಂಡ ಜನ ಅದನ್ನು ಮುಚ್ಚಿಕೊಂಡರು. ನನಗೆ ಇದರಲ್ಲಿ ತಪ್ಪು ಕಾಣುವುದಿಲ್ಲ, ಜಾಣತನ ಕಾಣುತ್ತದೆ.

ಇನ್ನೊಂದು ಹೇಳಲೇಬೇಕು. ಅಮೆರಿಕದ ಕಪ್ಪು ಜನರ ಇಂಗ್ಲಿಷಿನಲ್ಲಿ ‘ಹೀ ವರ್ಕಿಂಗ್’ ಅಂತಲೂ ಇದೆ, ‘ಹೀ ಬೀ ವರ್ಕಿಂಗ್’ ಅಂತಲೂ ಇದೆ. ಬಹಳ ಕಾಲ ಎರಡನ್ನೂ ವ್ಯಾಕರಣ ಬಾರದವರ ಮಾತು ಅಂತ ತಳ್ಳಿಹಾಕಿದರು. ವಿಲಿಯಂ ಲಬೋವ್ ಅವರಂಥ ಭಾಷಾವಿಜ್ಞಾನಿಗಳು 1960ರ ದಶಕದಿಂದ ಕೂತು ಕೇಳಿ ಬರೆದುಕೊಂಡ ಮೇಲೆ, ಆ ಮಾತಿಗೂ ಅದರದ್ದೇ ಕಟ್ಟುನಿಟ್ಟಾದ ನಿಯಮಗಳಿವೆ ಅನ್ನುವುದು ಗೊತ್ತಾಯಿತು. ಮೊದಲನೆಯದು ‘ಈಗ ಕೆಲಸ ಮಾಡ್ತಾ ಇದ್ದಾನೆ’, ಎರಡನೆಯದು ‘ಯಾವಾಗಲೂ ಕೆಲಸ ಮಾಡ್ತಾ ಇರ್ತಾನೆ’. ಇದ್ದಾನೆ, ಇರ್ತಾನೆ! ನಮಗೆ ಎಷ್ಟು ಸಲೀಸಾಗಿ ತಿಳಿಯುತ್ತದೆ ನೋಡಿ. ಪುಸ್ತಕದ ಇಂಗ್ಲಿಷಿನಲ್ಲಿ ಇದನ್ನು ಹೇಳಲು ‘ಯೂಶುವಲಿ’ ಅಂತಲೋ ಇನ್ನೇನೋ ಸೇರಿಸಬೇಕು.

1979ರಲ್ಲಿ ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್ ಊರಿನಲ್ಲಿ ಇದು ಕೋರ್ಟಿಗೂ ಹೋಯಿತು. ಕಪ್ಪು ಮಕ್ಕಳ ಮನೆಭಾಷೆಯನ್ನು ಶಾಲೆ ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರಿಂದ ಅವರು ಓದು ಕಲಿಯಲು ಅಡ್ಡಿಯಾಗಿದೆ ಅಂತ ನ್ಯಾಯಾಧೀಶ ಚಾರ್ಲ್ಸ್ ಜಾಯ್ನರ್ ತೀರ್ಪು ಕೊಟ್ಟರು. ಶಾಲೆಯಲ್ಲಿ ಆ ಮಾತನ್ನೇ ಕಲಿಸಿ ಅಂತ ಅವರು ಹೇಳಲಿಲ್ಲ. ಮಗು ಮನೆಯಿಂದ ಯಾವ ಮಾತು ತರುತ್ತದೆ ಅಂತ ಮೊದಲು ಮೇಷ್ಟ್ರು ತಿಳಿದುಕೊಳ್ಳಲಿ, ಅಲ್ಲಿಂದ ಪುಸ್ತಕದ ಇಂಗ್ಲಿಷಿಗೆ ಕರೆದುಕೊಂಡು ಹೋಗಲಿ ಅನ್ನುವುದು ಅದರ ತಿರುಳು. ನನ್ನ ಬಿ.ಇಡಿ.ಯಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಹೇಳಿಕೊಟ್ಟಿದ್ದರೆ ಒಬ್ಬ ಹುಡುಗನ ವಿಷಯದಲ್ಲಿ ನಾನು ಬೇರೆ ಥರ ನಡೆದುಕೊಳ್ಳುತ್ತಿದ್ದೆ. ಶರಾವತಿ ಹಿನ್ನೀರಿನ ಆಚೆಯಿಂದ ಲಾಂಚ್ ದಾಟಿ ಬಂದು ಹಾಸ್ಟೆಲ್‌ನಲ್ಲಿದ್ದವನು. ಸ್ಕೂಲಿಗೆ ಇಸ್ಕೂಲ್ ಅನ್ನುತ್ತಿದ್ದ. ಒಂದು ದಿನ ಅವನನ್ನು ಎಲ್ಲರೆದುರು ನಿಲ್ಲಿಸಿ ಸರಿಯಾಗಿ ಬರುವವರೆಗೆ ಅನ್ನಿಸಿದೆ. ಎಷ್ಟು ಸಲವೋ ನೆನಪಿಲ್ಲ. ಅವನ ಕಿವಿ ಕೆಂಪಾಗಿದ್ದು ನೆನಪಿದೆ. ಆ ವರ್ಷ ಅವನು ನನ್ನ ಕ್ಲಾಸಿನಲ್ಲಿ ಮತ್ತೆ ಒಂದೂ ಪ್ರಶ್ನೆ ಕೇಳಲಿಲ್ಲ. ಲ್ಯಾಟಿನ್ನಿನಲ್ಲಿ ಶಾಲೆಗೆ ‘ಸ್ಕೋಲಾ’ ಅಂತ ಇದ್ದಿದ್ದು ಸ್ಪೇನಿನವರ ಬಾಯಲ್ಲಿ ‘ಎಸ್ಕ್ವೇಲಾ’ ಆಗಿದೆ, ಒಂದು ಇಡೀ ದೇಶ ಆ ಹುಡುಗನ ಹಾಗೇ ಮುಂದೆ ಸ್ವರ ಸೇರಿಸಿಕೊಂಡಿದೆ ಅನ್ನುವುದು ನನಗೆ ತಿಳಿದಿದ್ದು ನಿವೃತ್ತಿಗೆ ಎರಡು ವರ್ಷ ಇದ್ದಾಗ. ಅಷ್ಟರಲ್ಲಿ ಅವನು ಎಲ್ಲಿದ್ದಾನೋ. ಅವನಿಗೆ ನಾನು ಮಾಡಿದ್ದು ತಪ್ಪು.

ಹಾಗಾದರೆ ಏನೂ ತಿದ್ದಲೇಬಾರದಾ ಅಂತ ಪತ್ರ ಬರೆದವರು ಕೇಳಬಹುದು. ತಿದ್ದಬೇಕು. ನಾನು ಕೆಂಪು ಪೆನ್ನು ಬಿಟ್ಟವಳಲ್ಲ. ‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್’ ಅಂತ ಅರ್ಜಿಯಲ್ಲಿ ಬರೆದರೆ ಈಗಲೂ ‘ಐ ಹ್ಯಾವ್’ ಅಂತ ಮಾಡುತ್ತೇನೆ, ಏಕೆಂದರೆ ಆ ಅರ್ಜಿ ಓದುವವರು ಬೇರೆ ಕಡೆ ಕೂತಿರುತ್ತಾರೆ, ಅವರಿಗೆ ಪುಸ್ತಕದ ಇಂಗ್ಲಿಷೇ ಅಭ್ಯಾಸ. ಕನ್ನಡದಲ್ಲಿ ನಾವು ಇದನ್ನು ದಿನಾ ಮಾಡುತ್ತೇವಲ್ಲ. ಪರೀಕ್ಷೆಯಲ್ಲಿ ‘ಹೋಗುವುದಿಲ್ಲ’ ಅಂತ ಬರೆದ ಮಗುವೇ ಮನೆಗೆ ಬಂದು ‘ಹೋಗದಿಲ್ಲ’ ಅನ್ನುತ್ತದೆ. ಎರಡೂ ಬೇಕು, ಎರಡಕ್ಕೂ ಜಾಗ ಬೇರೆ ಬೇರೆ. ನಮ್ಮ ಜಿಲ್ಲೆಯೊಳಗೇ ಭದ್ರಾವತಿಯ ಕನ್ನಡ ಒಂದು, ಶಿಕಾರಿಪುರದ್ದು ಇನ್ನೊಂದು, ತೀರ್ಥಹಳ್ಳಿಯದು ಮತ್ತೊಂದು. ಕುವೆಂಪು ಕಾದಂಬರಿಗಳ ಜನ ಮಾತಾಡುವುದು ಆ ತೀರ್ಥಹಳ್ಳಿ ಕಡೆಯ ಮಾತನ್ನೇ. ಕುವೆಂಪು ಕೂಡ ಮೊದಲು ಇಂಗ್ಲಿಷಿನಲ್ಲೇ ಕವನ ಬರೆಯುತ್ತಿದ್ದರು. ನಿಮ್ಮ ಭಾಷೆಯಲ್ಲಿ ಬರೆಯಿರಿ ಅಂತ ಅವರಿಗೆ ಹೇಳಿದವರು ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಐರಿಶ್ ಕವಿ ಜೇಮ್ಸ್ ಕಸಿನ್ಸ್. ಮೇಳಿಗೆಯ ಅನಂತಮೂರ್ತಿಯವರು ದೂರ್ವಾಸಪುರದ ಸಂಸ್ಕೃತ ಪಾಠಶಾಲೆಯಲ್ಲಿ ಓದು ಶುರು ಮಾಡಿ ಮುಂದೆ ಇಂಗ್ಲಿಷ್ ಪ್ರೊಫೆಸರಾದರು, 1966ರಲ್ಲಿ ಬರ್ಮಿಂಗ್‌ಹ್ಯಾಂನಲ್ಲಿ ಡಾಕ್ಟರೇಟ್ ಪಡೆದರು. ಇದೇ ಮಣ್ಣಿನ ಕನ್ನಡ ಅವರ ಇಂಗ್ಲಿಷಿಗೆ ಅಡ್ಡ ಬರಲಿಲ್ಲ.

ಬಾಯಿಮಾತಿನಲ್ಲಿ ತಿದ್ದಬೇಕಾದ್ದೂ ಇದೆ. ಆದರೆ ಅರ್ಥ ಕೆಡುವ ಕಡೆ ತಿದ್ದಿ. ನಮ್ಮ ಎಷ್ಟೋ ಮಕ್ಕಳಿಗೆ ‘ಆ್ಯ’ ಮತ್ತು ‘ಏ’ ಬೇರೆಯಾಗಿ ಬರುವುದಿಲ್ಲ, ಬ್ಯಾಗಿಗೆ ಬೇಗು ಅನ್ನುತ್ತಾರೆ. ಸ್ನ್ಯಾಕ್ಸ್ ಬೇಕು ಅನ್ನಲು ಹೋಗಿ ಸ್ನೇಕ್ಸ್ ಬೇಕು ಅಂದರೆ ಹಾವು ಕೇಳಿದ ಹಾಗಾಗುತ್ತದೆ. ಅದನ್ನು ಕೂರಿಸಿಕೊಂಡು ಕಲಿಸಬೇಕು. ಇಂಗ್ಲಿಷ್ ಪದದ ಯಾವ ತುಂಡಿಗೆ ಒತ್ತು ಬೀಳುತ್ತದೆ ಅನ್ನುವುದು ಇನ್ನೂ ಮುಖ್ಯ. ಕನ್ನಡದಲ್ಲಿ ನಾವು ಎಲ್ಲ ತುಂಡನ್ನೂ ಹೆಚ್ಚುಕಡಿಮೆ ಸಮವಾಗಿ ಹೇಳುತ್ತೇವೆ, ಹೊರಗಿನವರಿಗೆ ಅಲ್ಲೇ ಗೊಂದಲವಾಗುವುದು. ‘ಡೆವಲಪ್’ನಲ್ಲಿ ಒತ್ತು ನಡುವಿನ ತುಂಡಿಗೆ ಬೀಳಬೇಕು. ನನ್ನ ಅನುಭವದಲ್ಲಿ ಇಂಥದ್ದನ್ನು ಕಲಿಸುವ ಸ್ಪೋಕನ್ ಇಂಗ್ಲಿಷ್ ಕ್ಲಾಸು ಸಿಗುವುದೇ ಕಷ್ಟ. ಹಳ್ಳಿ ಉಚ್ಚಾರಣೆ ಬಿಡಿಸುತ್ತೇವೆ ಅನ್ನುವ ಜಾಹೀರಾತು ಮಾತ್ರ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೂ ಇದೆ.

ಬೆಂಗಳೂರಿನ ಇಂಟರ್‌ವ್ಯೂಗಳಲ್ಲಿ ಹಳ್ಳಿ ಧಾಟಿಯ ಇಂಗ್ಲಿಷಿಗೆ ಬೆಲೆ ಇಲ್ಲ ಅಂತ ಆ ಓದುಗರು ಬರೆದಿದ್ದು ನಿಜ ಇರಬಹುದು. ಅದು ಇಂಟರ್‌ವ್ಯೂ ಮಾಡುವವರು ಬದಲಾಗಬೇಕಾದ ಮಾತು. ಬ್ರಿಟನ್ನಿನಲ್ಲೂ ಬದಲಾವಣೆ ಸುಲಭವಾಗಿ ಬರಲಿಲ್ಲ. 1941ರಲ್ಲಿ ಬಿಬಿಸಿ ರೇಡಿಯೋದಲ್ಲಿ ವಿಲ್‌ಫ್ರೆಡ್ ಪಿಕಲ್ಸ್ ಅನ್ನುವವರು ತಮ್ಮ ಯಾರ್ಕ್‌ಶೈರಿನ ಧಾಟಿಯಲ್ಲೇ ವಾರ್ತೆ ಓದಿದರು. ಅದೇ ದೇಶದ ಕೇಳುಗರೇ ತಕರಾರು ತೆಗೆದರು. ಇಂದು ಅದೇ ಬಿಬಿಸಿಯಲ್ಲಿ ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಇಂಗ್ಲೆಂಡಿನ ಧಾಟಿಗಳು ದಿನಾ ಕೇಳಿಬರುತ್ತವೆ. ನಮ್ಮಲ್ಲಿ ಇಂಟರ್‌ವ್ಯೂ ಮಾಡುವವರಲ್ಲಿ ಎಷ್ಟೋ ಜನ ಹಾಸನ, ಹಾವೇರಿ, ಸಾಗರದಿಂದ ಹೋದವರೇ ಇರುತ್ತಾರೆ. ತಮ್ಮ ಊರಿನ ಧಾಟಿ ಕೇಳಿದರೆ ಅವರಾದರೂ ಆ ಮಗುವಿಗೆ ಎರಡನೆಯ ಪ್ರಶ್ನೆ ಕೇಳಬೇಡ್ವಾ?

ನಿಮ್ಮ ಪತ್ರಿಕೆಯನ್ನು ಇಂಥ ಕ್ಲಾಸು ನಡೆಸುವವರೂ ಓದುತ್ತಾರೆ. ಅವರಲ್ಲಿ ನನ್ನದೊಂದೇ ಕೋರಿಕೆ. ಮಕ್ಕಳ ಮಾತನ್ನು ಅವರ ಥರವೇ ಹೇಳಿ ತೋರಿಸಬೇಡಿ. ಸರಿಯಾದದ್ದನ್ನು ನಿಮ್ಮ ಬಾಯಲ್ಲಿ ಒಮ್ಮೆ ಹೇಳಿ, ಮುಂದಕ್ಕೆ ಹೋಗಿ. ಅಷ್ಟು ಸಾಕು, ಅವರು ಹಿಡಿದುಕೊಳ್ಳುತ್ತಾರೆ.

ನನ್ನ ತಮ್ಮನ ಮಗಳು ಆ ಕ್ಲಾಸಿಗೆ ಮತ್ತೆ ಹೋಗಲಿಲ್ಲ. ಫೀಸು ಹೋಯಿತು, ಹೋಗಲಿ. ಈಗ ಶನಿವಾರ ಊರಿಗೆ ಬಂದಾಗ ಅವಳೂ ಪಕ್ಕದ ಮನೆಯ ಇಬ್ಬರು ಮಕ್ಕಳೂ ನಮ್ಮ ಜಗಲಿಯಲ್ಲಿ ಕೂತು ನನ್ನ ಜೊತೆ ಇಂಗ್ಲಿಷ್ ಮಾತಾಡುತ್ತಾರೆ. ಅಡಿಕೆ ರೇಟು, ಮಂಗನ ಕಾಟ, ಕಾಲೇಜಿನ ಜಗಳ, ಏನು ಬೇಕಾದರೂ ಆಗುತ್ತದೆ. ಪಕ್ಕದ ಮನೆಯವು ಜೋರಾಗಿ ಮಾತಾಡುತ್ತವೆ. ಇವಳು ಇನ್ನೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಮಾತಾಡುತ್ತಾಳೆ.

ನಿವೃತ್ತ ಇಂಗ್ಲಿಷ್ ಶಿಕ್ಷಕಿ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ