ಊರಿನ ಸಭೆಯ ಚರಿತ್ರೆ: ಮುಂಬಯಿಯಲ್ಲಿರುವವರ ಗಮನಕ್ಕೆ

ಎಲ್ಲರಿಗೂ ವಂದನೆ. ಊರಿನ ನಮ್ಮ ಕ್ರೈಸ್ತ ಸಭೆಯ ಚರಿತ್ರೆ ಬರೆಯಲು ಹೊರಟಿದ್ದೇವೆ. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರಲ್ಲಿ ಲುಥೆರನರೂ ಇದ್ದರು, ರಿಫಾರ್ಮ್ಡ್ ಪಂಥದವರೂ ಇದ್ದರು (ಎರಡೂ ಪ್ರೊಟೆಸ್ಟೆಂಟ್ ಪಂಥಗಳೇ). ಹಾಗಾಗಿ ನಮ್ಮ ಸಭೆಯನ್ನು 'ಅಪ್ಪಟ ಲುಥೆರನ್' ಅಂತ ಬರೆಯೋದು ಬೇಡ.

ಕನ್ನಡಕ್ಕೆ ದುಡಿದ ಮಿಶನಿನ ಪಾದ್ರಿಗಳಾದ ಮೊಗ್ಲಿಂಗ್, ಕಿಟೆಲ್ ಬಗ್ಗೆ ಪುಸ್ತಕಗಳು ಬೇಕಾದಷ್ಟಿವೆ. ನಮಗೆ ಬೇಕಿರೋದು ಮನೆಮನೆಯ ಕಥೆ: ಮಿಶನಿನ ಹಂಚಿನ ಕಾರ್ಖಾನೆಯಲ್ಲಿ ದುಡಿದ ಅಜ್ಜ, 1914ರ ಯುದ್ಧದ ಕಾಲದಲ್ಲಿ ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರಕಾರ ಹಿಡಿದಿಟ್ಟಾಗ ಸಭೆ ನೋಡಿಕೊಂಡ ಊರಿನವರು.

ದೀಕ್ಷಾಸ್ನಾನದ ಚೀಟಿ, ಗುಂಪು ಫೋಟೋ, ಹಳೇ ಹಾಡಿನ ಪುಸ್ತಕ (ಮೊದಲ ಪುಟದಲ್ಲಿ ಮದುವೆ ತಾರೀಕು ಬರೆದಿಡುತ್ತಿದ್ದರಲ್ವಾ, ಅದೇ) ಏನಿದ್ದರೂ ಭಾನುವಾರ ಆರಾಧನೆಗೆ ಬರುವಾಗ ತನ್ನಿ. ಅಲ್ಲೇ ಫೋಟೋ ತೆಗೆದು ವಾಪಸ್ ಕೊಡುತ್ತೇವೆ. ಡೊಂಬಿವಲಿ ಕಡೆಯವರು ಮೆಗಾಬ್ಲಾಕ್ (ಹಳಿ ರಿಪೇರಿಗೆ ಲೋಕಲ್ ರೈಲು ನಿಲ್ಲಿಸೋದು) ನೋಡಿಕೊಂಡು ಹೊರಡಿ.