ಮೂಟೆಗಳ ಮೇಲೆ ಊರ ಹೆಸರಷ್ಟೇ ಇರುತ್ತಿತ್ತು

ಕಳೆದ ತಿಂಗಳ ಕೊನೆಯ ದಿನ ನಾನು ನಿವೃತ್ತನಾದೆ. 34 ವರ್ಷ ತುಮಕೂರು ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕನ್ನಡ ಪಾಠ ಹೇಳಿದ್ದೇನೆ. ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದ ಸಹೋದ್ಯೋಗಿಗಳಿಗೆ, ಊರಿನವರಿಗೆ, ಫೋನು ಮಾಡಿ ಹಾರೈಸಿದ ಹಳೆಯ ವಿದ್ಯಾರ್ಥಿಗಳಿಗೆಲ್ಲ ನಮಸ್ಕಾರ. ಅಂದು ಮೈಕಿನ ಮುಂದೆ ಗಂಟಲು ಕಟ್ಟಿತು. ಹೇಳಲೇಬೇಕಿದ್ದ ಮಾತು ಹಾಗೇ ಉಳಿದುಹೋಯಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಪಾವಗಡ ತಾಲ್ಲೂಕಿನ ಗಡಿ ಹಳ್ಳಿ, ಮನೆಮಾತು ತೆಲುಗು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಕಡಲೆಕಾಯಿ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದಳು. ಮಳೆ ಕೈಕೊಟ್ಟ ವರ್ಷ ಅದೂ ಇರುತ್ತಿರಲಿಲ್ಲ. 1979ರ ಜೂನ್‌ನಲ್ಲಿ ಪಕ್ಕದ ಮನೆಯ ಮಾವ ಒಬ್ಬರ ಮಾತು ಕೇಳಿ, ನನ್ನನ್ನೂ ಒಂದು ಕಬ್ಬಿಣದ ಟ್ರಂಕನ್ನೂ ಬಸ್ಸಿಗೆ ಹತ್ತಿಸಿಕೊಂಡು ಸಿದ್ಧಗಂಗಾ ಮಠಕ್ಕೆ ಬಂದಳು. ನನಗೆ 13, ಎಂಟನೇ ಕ್ಲಾಸು. ನಮ್ಮಂಥ ಎಷ್ಟೋ ತಾಯಂದಿರು ಮಕ್ಕಳ ಕೈಹಿಡಿದು ಸಾಲಿನಲ್ಲಿ ನಿಂತಿದ್ದರು. ಶಿವಕುಮಾರ ಸ್ವಾಮಿಗಳಿಗೆ ಆಗ 72. ನಾವೆಲ್ಲ ಅವರನ್ನು ಬುದ್ಧಿಯವರು ಎಂದೇ ಕರೆಯುತ್ತಿದ್ದೆವು. ಯಾರೇ ಬಂದರೂ ಊಟ ಆಯಿತೇ ಎಂದು ಮೊದಲು ವಿಚಾರಿಸುವುದು ಅವರ ರೂಢಿ. ಊಟ, ವಸತಿ, ಓದು ಯಾವುದಕ್ಕೂ ಒಂದು ಪೈಸೆ ಶುಲ್ಕವಿಲ್ಲ ಎಂದು ತಿಳಿದಾಗ ಅಮ್ಮ ಸೆರಗಿನ ಗಂಟಲ್ಲಿದ್ದ ದುಡ್ಡನ್ನು ಮತ್ತೆ ಗಂಟು ಹಾಕಿಕೊಂಡಳು. ವಾಪಸ್ಸು ಬಸ್ಸಿಗೆ ಆಯಿತು ಎಂದಳು.

ಮಠ 15ನೇ ಶತಮಾನದ್ದು, ಗೋಸಲ ಸಿದ್ಧೇಶ್ವರರು ಸ್ಥಾಪಿಸಿದ್ದು. ಉದ್ದಾನ ಶಿವಯೋಗಿಗಳು 1917ರಲ್ಲಿ ಸಂಸ್ಕೃತ ಪಾಠಶಾಲೆ ತೆರೆದರು. 1941ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಹೊಣೆ ಬುದ್ಧಿಯವರ ಹೆಗಲಿಗೆ ಬಂತು. ಆಗಿನ ಕಷ್ಟದ ದಿನಗಳಲ್ಲಿ ಅವರೇ ಹೊಲದಲ್ಲಿ ದುಡಿದದ್ದನ್ನು, ಹಳ್ಳಿ ಹಳ್ಳಿ ಸುತ್ತಿ ಭಿಕ್ಷೆ ತಂದದ್ದನ್ನು ಹಿರಿಯರು ನಮಗೆ ಹೇಳುತ್ತಿದ್ದರು. ಅವರಿಗೂ ಹಿಂದಿನ ಗುರುಗಳಾದ ಅಟವೀ ಸ್ವಾಮಿಗಳ ಕಾಲದಲ್ಲಿ ಹೊತ್ತಿಸಿದ ದಾಸೋಹದ ಒಲೆ ಇನ್ನೂ ಆರಿಲ್ಲ ಎನ್ನುವುದು ಮಠದಲ್ಲಿ ಪ್ರತಿ ಹುಡುಗನ ಬಾಯಲ್ಲೂ ಇದ್ದ ಮಾತು. ಇಂದು ಅಲ್ಲಿ ಓದುವ ಮಕ್ಕಳು ಸುಮಾರು 10,000.

ಮೂರನೇ ವಾರ ನಾನು ಓಡಿಹೋದೆ. ಪ್ರಾರ್ಥನೆಗೆಂದು ನಸುಕಿನಲ್ಲಿ ಎಲ್ಲರೂ ಮೈದಾನಕ್ಕೆ ಹೊರಟಾಗ ನಾನು ಕ್ಯಾತ್ಸಂದ್ರ ಸ್ಟೇಷನ್ನಿನ ದಾರಿ ಹಿಡಿದೆ. ರಾತ್ರಿಯೆಲ್ಲ ರೈಲಿನ ಕೂಗು ಕೇಳುತ್ತಿತ್ತಲ್ಲ, ಹತ್ತಿದರೆ ಹೇಗಾದರೂ ಅಮ್ಮನ ಹತ್ತಿರ ಹೋಗಬಹುದು ಅಂದುಕೊಂಡಿದ್ದೆ. ಪಿಯುಸಿ ಓದುತ್ತಿದ್ದ ಅಣ್ಣ ಒಬ್ಬ ಹುಡುಕಿಕೊಂಡು ಬಂದು, ಏನೂ ಕೇಳದೆ ಕೈಹಿಡಿದು ನೇರ ಅಡುಗೆಮನೆಗೆ ಕರೆದುಕೊಂಡು ಹೋದ. ಕೊಪ್ಪರಿಗೆಯಲ್ಲಿ ಸಾರು ಕುದಿಯುತ್ತಿತ್ತು. ಹೊಗೆಗೆ ಕಣ್ಣು ಕೆಂಪಾಗಿದ್ದ ಅಡುಗೆಯವರು ಅಂಗೈ ನೀರಲ್ಲಿ ಅದ್ದಿ, ಬಿಸಿ ಹಿಟ್ಟನ್ನು ಎರಡೇ ಸುತ್ತಿಗೆ ಉಂಡೆ ಕಟ್ಟಿ ನನ್ನ ತಟ್ಟೆಗೆ ಇಟ್ಟರು. "ಮೊದ್ಲು ಉಣ್ಣು ಮಗಾ. ರೈಲು ನಾಳೆನೂ ಬರ್ತದೆ" ಅಂದರು. ಮುದ್ದೆ ಮುರಿದಾಗ ಎದ್ದ ಹಬೆಯ ಘಮ ಇವತ್ತಿಗೂ ಮೂಗಿನಲ್ಲಿದೆ. ಮನೆಯಲ್ಲಿ ನನಗೆ ಬೆಳಗ್ಗೆ ಮುದ್ದೆ ಸಿಕ್ಕ ದಿನಗಳು ಕಡಿಮೆ. ಮತ್ತೆ ನಾನು ಸ್ಟೇಷನ್ನಿನ ಕಡೆ ಹೋಗಲಿಲ್ಲ.

ಆಮೇಲೆ ನನ್ನನ್ನು ಬಡಿಸುವ ಸರದಿಗೆ ಹಾಕಿದರು. ಓದಲು ಬರೆಯಲು ಕನ್ನಡ ಬರುತ್ತಿತ್ತು, ಮಾತಾಡಲು ನಾಲಿಗೆ ತಡವರಿಸುತ್ತಿತ್ತು. ನೂರಾರು ಹುಡುಗರ ಪಂಕ್ತಿಯಲ್ಲಿ ಬಕೆಟ್ಟು ಹಿಡಿದು ಓಡುವಾಗ ತಡವರಿಸಲು ಪುರುಸೊತ್ತೆಲ್ಲಿ? "ಇನ್ನೊಂಚೂರು ಹಾಕ್ಲಾ?" ನಾನು ಹೆದರದೆ ಆಡಿದ ಮೊದಲ ಕನ್ನಡ ಮಾತು ಅದೇ. ಮುಂದೆ 34 ವರ್ಷ ಅನ್ನ ಕೊಟ್ಟ ಭಾಷೆಯನ್ನು ಸಾರಿನ ಸೌಟು ಹಿಡಿದೇ ಕಲಿತೆ. ಆ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವನ ಜಾತಿ ಯಾವುದು, ಧರ್ಮ ಯಾವುದು ಎಂದು ಯಾರೂ ಕೇಳಲಿಲ್ಲ. ನನ್ನ ಊರಿನ ಕೇರಿಯಲ್ಲಿ ಅದನ್ನು ಕೇಳದೆ ಯಾರೂ ನೀರೂ ಕೊಡುತ್ತಿರಲಿಲ್ಲ. ಇದನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳಿದ್ದೇನೆ.

ಉಗ್ರಾಣಕ್ಕೆ ಮೂಟೆ ಹೊರುವ ಕೆಲಸವೂ ಇತ್ತು. ರಾಗಿ, ಅಕ್ಕಿ, ಬೆಲ್ಲ, ತೆಂಗಿನಕಾಯಿ, ಹುಣಸೆಹಣ್ಣು. ಚೀಲದ ಮೇಲೆ ಗುಬ್ಬಿ, ಕುಣಿಗಲ್, ತುರುವೇಕೆರೆ ಕಡೆಯ ಯಾವುದೋ ಹಳ್ಳಿಯ ಹೆಸರಿರುತ್ತಿತ್ತು. ಕೊಟ್ಟವರ ಹೆಸರು ಇರುತ್ತಿರಲಿಲ್ಲ. ಬುದ್ಧಿಯವರ ಋಣ ದೊಡ್ಡದು, ಅದನ್ನು ಎಲ್ಲೆಡೆ ಹೇಳಿಕೊಂಡಿದ್ದೇನೆ. ಆದರೆ ತಮ್ಮ ಕಣದಿಂದ ಮಠಕ್ಕೆಂದು ಒಂದು ಪಾಲು ಎತ್ತಿಟ್ಟ ಆ ರೈತರಿಗೆ, ಕಣ್ಣು ಕೆಂಪು ಮಾಡಿಕೊಂಡು ಬೇಯಿಸಿದ ಅಡುಗೆಯವರಿಗೆ, ನನ್ನ ಹರಕು ಅಂಗಿ ಹೊಲಿದುಕೊಟ್ಟ ಆ ಪಿಯುಸಿ ಅಣ್ಣನಿಗೆ ಇಲ್ಲಿಯವರೆಗೆ ಒಮ್ಮೆಯೂ ಧನ್ಯವಾದ ಹೇಳಲಿಲ್ಲ. ನೀವು ಅಥವಾ ನಿಮ್ಮ ಮಕ್ಕಳು ಇದನ್ನು ಓದುತ್ತಿದ್ದರೆ, ಆರು ವರ್ಷ ನಾನು ಉಂಡದ್ದು ನಿಮ್ಮ ಅನ್ನ. ಕೈಮುಗಿಯುತ್ತೇನೆ.

2019ರ ಜನವರಿ 21ರಂದು ಬುದ್ಧಿಯವರು ಲಿಂಗೈಕ್ಯರಾದರು, 111ನೇ ವಯಸ್ಸಿನಲ್ಲಿ. ಜೀವ ಹೋದದ್ದು ಮಧ್ಯಾಹ್ನಕ್ಕೆ ಮುಂಚೆಯೇ, ಆದರೆ ಮಠದ ಮಕ್ಕಳ ಊಟ ಮುಗಿಯುವವರೆಗೆ ಸುದ್ದಿ ಹೊರಗೆ ಬಿಡಲಿಲ್ಲ. ಅವರ ಇಚ್ಛೆಯೇ ಹಾಗಿತ್ತು. ಸ್ಟಾಫ್ ರೂಮಿನಲ್ಲಿ ಅದನ್ನು ಕೇಳಿ ನಾನು ಮಗುವಿನಂತೆ ಅತ್ತೆ. ಈಗ ಆ ದಿನವನ್ನು ಸರ್ಕಾರ ದಾಸೋಹ ದಿನವೆಂದು ಆಚರಿಸುತ್ತದೆ.

ನಿವೃತ್ತಿಯ ಮರುವಾರ ಊರಿನ ತಮ್ಮನ ಹೊಲದ ಎರಡು ಮೂಟೆ ರಾಗಿ ಹಾಕಿಕೊಂಡು ಮಠಕ್ಕೆ ಹೋದೆ. ಚೀಲದ ಮೇಲೆ ನಮ್ಮ ಹಳ್ಳಿಯ ಹೆಸರಷ್ಟೇ ಬರೆದಿದ್ದೆ. ಉಗ್ರಾಣದವರು ಅದನ್ನು ಓದಿ, "ಪಾವಗಡ ಕಡೆಯವರಾ? ದೂರದಿಂದ ಬಂದಿದ್ದೀರಿ, ಮೊದಲು ಪ್ರಸಾದ ಮುಗಿಸಿ ಬನ್ನಿ, ರಸೀದಿ ಆಮೇಲೆ ಬರೆಯೋಣ" ಅಂದರು. ಹೋಗಿ ಪಂಕ್ತಿಯಲ್ಲಿ ಕೂತೆ. ಹನ್ನೆರಡು ಹದಿಮೂರರ ಹುಡುಗನೊಬ್ಬ ತನ್ನ ತೂಕಕ್ಕಿಂತ ಭಾರದ ಬಕೆಟ್ಟು ಎಳೆದುಕೊಂಡು ನನ್ನ ಮುಂದೆ ನಿಂತ.

"ಇನ್ನೊಂಚೂರು ಹಾಕ್ಲಾ ಸಾರ್?"