ಬಾಗಿಲು ಹಾಕಿದ್ದ ಆ ರೂಮು

ಸ್ಕೋಫೀಲ್ಡ್ಸ್, ಸಿಡ್ನಿ

ಪ್ರೀತಿಯ ಅಪ್ಪ, ಅಮ್ಮ,

ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮ, "ಕೆಳಗಿನ ರೂಮಿನ ಬಾಗಿಲು ಯಾಕೆ ಯಾವಾಗಲೂ ಹಾಕಿರುತ್ತೆ?" ಅಂತ ವಿಡಿಯೋ ಕಾಲ್‌ನಲ್ಲಿ ನೀನು ಕೇಳಿದ್ದೆ ಅಲ್ವಾ? ಆಗ ಏನೋ ಹೇಳಿ ಜಾರಿಕೊಂಡಿದ್ದೆ. ಎಂಟು ತಿಂಗಳಿಂದ ಮುಚ್ಚಿಟ್ಟಿದ್ದೆ. ಈಗ ಎಲ್ಲ ಮುಗಿದಿದೆ, ಹೇಳಬಹುದು.

ಗೃಹಪ್ರವೇಶ ಆಗಿ ಒಂದೂವರೆ ವರ್ಷಕ್ಕೆ ಆ ರೂಮಿನ ಸೀಲಿಂಗ್‌ನಲ್ಲಿ ಟೀ ಚೆಲ್ಲಿದ ಹಾಗೆ ಒಂದು ಕಲೆ ಕಂಡಿತು. ಅದರ ಮೇಲೇ ನಮ್ಮ ಬಚ್ಚಲು. ಬಿಲ್ಡರ್‌ಗೆ ಫೋನ್ ಮಾಡಿದೆವು. ಬಹಳ ಸಿಹಿ ಮಾತಿನ ಮನುಷ್ಯ. ಒಬ್ಬ ಹುಡುಗನನ್ನು ಕಳಿಸಿದ. ಅವನು ಟೈಲ್ಸ್ ಸಂದಿಗೆ ಸಿಲಿಕಾನ್ ಬಳಿದು ಹೋದ. ಎರಡು ತಿಂಗಳಲ್ಲಿ ಕಲೆ ದೋಸೆ ಕಾವಲಿಯಷ್ಟಾಯಿತು. ಮತ್ತೆ ಸಿಲಿಕಾನ್. ಮೂರನೇ ಸಲ, "ನೀವು ಬಚ್ಚಲು ಸರಿಯಾಗಿ ನೋಡಿಕೊಂಡಿಲ್ಲ, ನಮ್ಮ ಕೆಲಸದಲ್ಲಿ ತಪ್ಪಿಲ್ಲ" ಅಂದುಬಿಟ್ಟ. ಅವತ್ತು ನನಗೆ ಅಳುವೇ ಬಂತು.

ಅಪ್ಪ, ಇಲ್ಲಿ ನಮ್ಮಂಥ ಮನೆಗಳ ಮಹಡಿ ಆರ್‌ಸಿಸಿ ಅಲ್ಲ. ಮರದ ತೊಲೆ, ಅದರ ಮೇಲೆ ಹಲಗೆ. ಗೋಡೆಯೊಳಗೂ ಮರದ ಚೌಕಟ್ಟೇ. ನಮ್ಮೂರಲ್ಲಿ ಸೋರಿದರೆ ಗಾರೆ ಉದುರುತ್ತದೆ, ಇಲ್ಲಿ ಮನೆಯ ಮೂಳೆಯೇ ಕೊಳೆಯುತ್ತದೆ. ನೀರು ತಡೆಯುವುದು ಟೈಲ್ಸ್ ಅಲ್ಲ, ಅದರ ಕೆಳಗೆ ಬಳಿದ ರಬ್ಬರಿನಂಥ ಪದರ ಅಂತ ನನಗೆ ಗೊತ್ತಾಗಿದ್ದೂ ಆಮೇಲೆ. ನೆಲ, ಗೋಡೆ ಸೇರುವ ಮೂಲೆಯಲ್ಲಿ ಆ ಪದರ ಬಿರಿದಿದ್ದರೆ ಮೇಲೆ ಎಷ್ಟು ಮೆತ್ತಿದರೂ ದಂಡ.

"ಬೇರೆ ಯಾರ ಕೈಲಾದರೂ ಮಾಡಿಸೋಣ, ಯಾರಿಗೆ ಬೇಕು ಜಗಳ" ಅಂತ ಇವರು ಶುರು ಮಾಡಿದರು. ಸದ್ಯ, ಹಾಗೆ ಮಾಡಲಿಲ್ಲ. ಇಲ್ಲಿ 1989ರ ಕಾಯ್ದೆಯೊಂದಿದೆ. ದೊಡ್ಡ ದೋಷಕ್ಕೆ 6 ವರ್ಷ, ಉಳಿದದ್ದಕ್ಕೆ 2 ವರ್ಷ ಬಿಲ್ಡರ್ ಜವಾಬ್ದಾರ. ಆದರೆ ದೋಷ ಕಂಡ 6 ತಿಂಗಳೊಳಗೆ ನಾವು ಬರವಣಿಗೆಯಲ್ಲಿ ತಿಳಿಸಬೇಕು. ಅವನು ರಿಪೇರಿಗೆ ಬಂದರೆ ಸುಮ್ನೆ ಬೇಡ ಅನ್ನುವಂತಿಲ್ಲ. ಕೆಡಿಸಿದವನ ಕೈಗೇ ಮತ್ತೆ ಕೊಡಬೇಕಾ ಅಂತ ನಾನು ಕೂಗಾಡಿದೆ. ವಿಮೆ ಇಲ್ವಾ ಅಂತ ನೀವು ಕೇಳುತ್ತೀರಿ. ಇದೆ. ಆದರೆ ಅದು ಸಿಗುವುದು ಬಿಲ್ಡರ್ ಸತ್ತರೆ, ನಾಪತ್ತೆಯಾದರೆ, ದಿವಾಳಿಯಾದರೆ, ಹೀಗೆ. ನಮ್ಮವನು ಗುಂಡುಕಲ್ಲಿನ ಹಾಗೆ ಇದ್ದ!

ಅಲ್ಲಿವರೆಗೆ ಎಲ್ಲ ಬರೀ ಬಾಯಿಮಾತು. ಅವತ್ತು ರಾತ್ರಿ ಕೂತು, ತಾರೀಖು ಸಮೇತ ಎಲ್ಲ ಬರೆದು, ಫೋಟೋ ಸೇರಿಸಿ ಇಮೇಲ್ ಕಳಿಸಿದೆ. ಆಮೇಲೆ 900 ಡಾಲರ್ ಕೊಟ್ಟು ಬೇರೆ ಒಬ್ಬ ಪರೀಕ್ಷಕರನ್ನು ಕರೆಸಿದೆವು. ಅವರು ಗೋಡೆಗೆ ತೇವ ಅಳೆಯುವ ಯಂತ್ರ ಹಿಡಿದರು. ಮತ್ತೆ ಶವರಿನ ನೀರು ಹೋಗುವ ತೂತಿಗೆ ಬಿರಡೆ ಹಾಕಿ, ನೀರು ತುಂಬಿ, "ಇನ್ನು ಕಾಯೋಣ" ಅಂದರು. ನನಗೆ ನಗು ತಡೆಯಲಾಗಲಿಲ್ಲ. ಶಿವಮೊಗ್ಗದ ಮನೆ ಕಟ್ಟಿಸುವಾಗ ನೀವು ಟೆರೇಸಿನ ಮೇಲೆ ಬದು ಹಾಕಿಸಿ, ಕ್ಯೂರಿಂಗ್ ಮುಗಿದ ಮೇಲೂ ನೀರು ನಿಲ್ಲಿಸಿದ್ದು ನೆನಪಿದೆಯಾ? "ಏನ್ ಸಾರ್, ನಾಟಿ ಮಾಡ್ತೀರಾ?" ಅಂತ ಮೇಸ್ತ್ರಿ ಕೇಳಿದ್ದ.

ಮಧ್ಯಾಹ್ನದ ಹೊತ್ತಿಗೆ ಕೆಳಗೆ ತೊಟ್ಟಿಕ್ಕಿತು.

ಆ ವರದಿ ಇಟ್ಟುಕೊಂಡು ಬಿಲ್ಡಿಂಗ್ ಕಮಿಷನ್‌ಗೆ ದೂರು ಕೊಟ್ಟೆವು. ಇಲ್ಲಿನ ರಾಜ್ಯ ಸರ್ಕಾರ 2023ರ ಡಿಸೆಂಬರ್‌ನಲ್ಲಿ ಶುರು ಮಾಡಿದ್ದು. ಅವರ ಇನ್‌ಸ್ಪೆಕ್ಟರ್ ನಮ್ಮನ್ನೂ ಬಿಲ್ಡರ್‌ನನ್ನೂ ಬಚ್ಚಲಲ್ಲೇ ಎದುರುಬದುರು ನಿಲ್ಲಿಸಿ ಮಾತಾಡಿದರು. ಇಷ್ಟು ದಿನದೊಳಗೆ ಸರಿಮಾಡು ಅಂತ ಲಿಖಿತ ಆದೇಶ ಬಂತು. ಕೇಳದಿದ್ದರೆ ಮುಂದೆ ನ್ಯಾಯಮಂಡಳಿ ಇತ್ತು, ಅಲ್ಲಿವರೆಗೆ ಹೋಗಲಿಲ್ಲ. "ಇಷ್ಟಕ್ಕೆಲ್ಲ ದೂರು ಯಾಕೆ ಕೊಡಬೇಕಿತ್ತು?" ಅಂತ ಬಿಲ್ಡರ್ ಕೇಳಿದ, ಅದೇ ಸಿಹಿ ದನಿಯಲ್ಲಿ.

ಮೂರು ವಾರ ಕೆಲಸ ನಡೆಯಿತು. ಟೈಲ್ಸ್ ಪೂರ್ತಿ ಕಿತ್ತರು. ಕೆಳಗಿನ ಹಲಗೆ ನೆನೆಸಿದ ರಸ್ಕಿನಂತೆ ಮೆತ್ತಗಾಗಿತ್ತು. ಹೊಸ ಪದರ ಬಳಿದು ಒಣಗಿದ ಮೇಲೆ ನಾನು ಒಂದೇ ಹಟ ಹಿಡಿದೆ: ಟೈಲ್ಸ್ ಹಾಕುವ ಮೊದಲು ಒಂದು ದಿನ ನೀರು ನಿಲ್ಲಬೇಕು. ಪುಟ್ಟಿ ಅದರಲ್ಲಿ ಕಾಗದದ ದೋಣಿ ಬಿಟ್ಟಳು. ರಾತ್ರಿಯೆಲ್ಲ ನಾವಿಬ್ಬರೂ ಸರದಿ ಮೇಲೆ ಟಾರ್ಚ್ ಹಿಡಿದು ಕೆಳಗಿನ ಸೀಲಿಂಗ್ ನೋಡಿದ್ದೇ ನೋಡಿದ್ದು. ಒಂದು ಹನಿ ಇಲ್ಲ.

ಆ 900 ಡಾಲರ್ ಮಾತ್ರ ವಾಪಸ್ ಬರಲಿಲ್ಲ. ಅದಕ್ಕೋಸ್ಕರ ಇನ್ನೊಂದು ಜಗಳಕ್ಕೆ ಹೋಗುವಷ್ಟು ಶಕ್ತಿ ನಮಗಿರಲಿಲ್ಲ.

ತಮ್ಮನ ಮನೆಯ ಬಚ್ಚಲಿಗೆ ಟೈಲ್ಸ್ ಯಾವಾಗ? ಬಿಲ್ಡರ್‌ನಿಂದ ಫ್ಲ್ಯಾಟ್ ಕೊಂಡವರಿಗೆ ನಮ್ಮ ದೇಶದ ರಿಯಲ್ ಎಸ್ಟೇಟ್ ಕಾಯ್ದೆ ರೇರಾದಲ್ಲಿ 5 ವರ್ಷದ ಆಸರೆ ಇದೆ. ಅವನದು ಸ್ವಂತ ಸೈಟು, ಕಂಟ್ರಾಕ್ಟ್ ಕೆಲಸ, ಅದು ಸಿಗುವುದಿಲ್ಲ. ಏನಿದ್ದರೂ ಕಾಗದದ ಮೇಲೆ ಬರೆಸಿಕೊಳ್ಳಲಿ. ನೀರು ನಿಲ್ಲಿಸಿ ನೋಡುವವರೆಗೆ ಕೊನೆಯ ಕಂತು ಕೊಡದಿರಲಿ. ನಾನು ಹೇಳಿದರೆ ಕೇಳುವುದಿಲ್ಲ, ನೀವೇ ಹೇಳಿ.

ಅಮ್ಮ, ಈ ಭಾನುವಾರ ಆ ರೂಮಿನಿಂದಲೇ ಕಾಲ್ ಮಾಡುತ್ತೇನೆ.

ನಿಮ್ಮ ಮಗಳು